ಬರೋಡದ 577

1945-46ರ ರಣಜಿ ಸೆಮಿಫೈನಲಿನಲ್ಲಿ ಇಂದೋರಿನ ಹೋಳ್ಕರ್ ತಂಡ ಮೈಸೂರಿನ ಮೇಲೆ 8 ವಿಕೆಟ್‌ಗೆ 912 ರನ್ ಗುಡ್ಡೆ ಹಾಕಿತ್ತು. ಒಂದೇ ಇನ್ನಿಂಗ್ಸಿನಲ್ಲಿ ಆರು ಶತಕ! ಫೈನಲಿನಲ್ಲಿ ಬರೋಡವೂ ಅವರಿಗೆ ಸೋತಿತು. ಮರುವರ್ಷದ ಫೈನಲಿಗೆ ಮತ್ತೆ ಅವೇ ಎರಡು ತಂಡ. ಈ ಸಲ ಅಂಗಳ ಬರೋಡದ್ದು, ಅಂದರೆ ಇಂದಿನ ವಡೋದರಾದ್ದು.

1947ರ ಮಾರ್ಚ್ ಅದು. ಸಿ.ಕೆ. ನಾಯುಡು ಅವರ ಹೋಳ್ಕರ್ 202ಕ್ಕೆ ಆಲೌಟಾಯಿತು. ಬರೋಡವೂ 91ಕ್ಕೆ ಮೂರು ವಿಕೆಟ್ ಕಳೆದುಕೊಂಡಿತು. ಆಗ ವಿಜಯ್ ಹಜಾರೆಯವರ ಜೊತೆಗೂಡಿದವರು ಗುಲ್ ಮೊಹಮ್ಮದ್, ಲಾಹೋರಿನ ಕುಳ್ಳ ಎಡಗೈ ಬ್ಯಾಟುಗಾರ. ಇಬ್ಬರೂ ಸೇರಿ 577 ರನ್ ಹೊಡೆದರು. ಗುಲ್ 319, ಹಜಾರೆ 288. ಬರೋಡದ ಮೊತ್ತ 784. ಗೆಲುವು ಇನ್ನಿಂಗ್ಸ್ ಮತ್ತು 409 ರನ್ನಿನದು. ಅದೇ ತಿಂಗಳು ಗುಲ್ ಅವರ ಲಾಹೋರಿನಲ್ಲಿ ಗಲಭೆ ಹೊತ್ತಿಕೊಂಡಿತ್ತು.

577ರ ದಾಖಲೆಯನ್ನು ಸಂಗಕ್ಕಾರ, ಜಯವರ್ಧನೆ 624 ರನ್ ಹೊಡೆದು ಮುರಿದದ್ದು 2006ರಲ್ಲಿ. ಬರೋಡದ ಬಳಗ ಅಷ್ಟು ಕಾಲ ಬಾಳಲಿಲ್ಲ. ಆ ವರ್ಷದ ಕೊನೆಗೆ ಹಜಾರೆ, ಗುಲ್, ಅದೇ ತಂಡದ ಸ್ಪಿನ್ನರ್ ಅಮೀರ್ ಇಲಾಹಿ ಮೂವರೂ ಭಾರತದ ಪರ ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದರು. 1956ರಲ್ಲಿ ಗುಲ್ ಟೆಸ್ಟ್ ಆಡಿದ್ದು ಪಾಕಿಸ್ತಾನಕ್ಕಾಗಿ. ಇಲಾಹಿ ಅದಕ್ಕೂ ಮೊದಲೇ, 1952ರಲ್ಲಿ, ಪಾಕಿಸ್ತಾನ ತಂಡದೊಡನೆ ಭಾರತಕ್ಕೆ ಬಂದರು. ಎದುರಾಳಿಗಳ ಸಾಲಿನಲ್ಲಿ ಹಜಾರೆ ಇದ್ದರು.