ಒಂದೆಲಗ

ಒಂದೆಲಗವು ಕೊತ್ತುಂಬರಿ, ಜೀರಿಗೆಗಳನ್ನೊಳಗೊಂಡ ಏಪಿಯೇಸೀ ಕುಟುಂಬಕ್ಕೆ ಸೇರಿದ, ತೇವದ ನೆಲದಲ್ಲಿ ತಾನಾಗಿ ಹಬ್ಬುವ ಬಹುವಾರ್ಷಿಕ ಮೂಲಿಕೆ. ತುಳುವಿನಲ್ಲಿ ಇದು ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. 1753ರಲ್ಲಿ ಲಿನೇಯಸನು ಹೈಡ್ರೋಕಾಟಿಲೆ ಜಾತಿಯಲ್ಲಿ ಇರಿಸಿದ್ದ ಈ ಸಸ್ಯವನ್ನು 1879ರಲ್ಲಿ ಅರ್ಬನ್ನನು ಸೆಂಟೆಲ್ಲ ಜಾತಿಗೆ ವರ್ಗಾಯಿಸಿದನು. ಚರಕಸಂಹಿತೆಯು ಮೇಧ್ಯ ರಸಾಯನಗಳಲ್ಲಿ ಇದರ ಸ್ವರಸವನ್ನು ಗಣಿಸಿದೆ. ಬ್ರಾಹ್ಮಿ ಎಂಬ ಹೆಸರು ಇದಕ್ಕೂ, ದಪ್ಪನೆಯ ಕಿರಿದಾದ ಎಲೆಗಳುಳ್ಳ ನೀರುಬ್ರಾಹ್ಮಿಗೂ ಸಲ್ಲುತ್ತಿರುವುದರಿಂದ, ಸಸಿಯನ್ನು ಕೊಳ್ಳುವವರು ದುಂಡನೆಯ, ಹಲ್ಲಂಚಿನ, ಬುಡದಲ್ಲಿ ಸೀಳಿದ ಎಲೆಯನ್ನು ನೋಡಿಯೇ ಕೊಳ್ಳತಕ್ಕದ್ದು.

ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಉಡುಪಿ ಜಿಲ್ಲೆಯಲ್ಲಿ, ಬೈಂದೂರು ತಾಲ್ಲೂಕಿನ ನಾವುಂದದಂತಹ ಕಡಲಂಚಿನ ಊರಿನಲ್ಲಿ, ಇದನ್ನು ಮಳೆಗಾಲದಲ್ಲಿ ಬೆಳೆಸುವುದು ಸಾಹಸವೇನೂ ಅಲ್ಲ. ಆದರೆ ಆ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗಿ, ಹೊಯಿಗೆಮಣ್ಣು ನೀರನ್ನು ಹಿಡಿದಿಡಲಾರದೆ ಬರಿದಾಗುವುದರಿಂದ, ಬೆಳೆಸುವವನ ನಿಜವಾದ ಪರೀಕ್ಷೆ ಚಳಿಗಾಲದ ತರುವಾಯ ಆರಂಭವಾಗುತ್ತದೆ. ಬಾವಿಕಟ್ಟೆಯ ಸುತ್ತ ಚೆಲ್ಲಿದ ನೀರು, ಗದ್ದೆಯಂಚಿನ ಒರತೆ, ಬಾಳೆಯ ಬುಡದ ನೆರಳು ಇವೇ ಹಿಂದಣ ಮನೆಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಒಂದೆಲಗವನ್ನು ವರ್ಷವಿಡೀ ಉಳಿಸುತ್ತಿದ್ದವು. ಬಾವಿಯ ಸುತ್ತ ಸಿಮೆಂಟು ಬಂದು, ಕೊಡಪಾನದ ಕೆಲಸವನ್ನು ಪಂಪು ವಹಿಸಿಕೊಂಡ ಮನೆಗಳಲ್ಲಿ ಆ ತೇವವನ್ನು ನಾವೇ ಕಲ್ಪಿಸಿಕೊಡಬೇಕಾಗಿದೆ.

ಅದಕ್ಕೆ ತೆಂಗು ಅಥವಾ ಬಾಳೆಯ ಅರೆನೆರಳಿನಲ್ಲಿ ತಗ್ಗಾದ ಪಾತಿಯನ್ನು ತೆಗೆದು, ಹಟ್ಟಿಗೊಬ್ಬರವನ್ನೂ ಸುಡುಮಣ್ಣನ್ನೂ ಬೆರೆಸಿ, ಬೇರೂರಿದ ಗಿಣ್ಣುಗಳುಳ್ಳ ಹಂಬನ್ನು ಮುಂಗಾರಿನ ಮೊದಲಿಗೆ ಗೇಣಿಗೊಂದರಂತೆ ನೆಡಬೇಕು. ಅಗಲ ಬಾಯಿಯ ಮಣ್ಣಿನ ಚಟ್ಟಿಯೂ ಆಗಬಹುದು. ನೆರಳಿನಲ್ಲಿ ಎಲೆ ಅಗಲವಾಗಿ ತೊಟ್ಟು ನೀಳವಾಗುತ್ತದೆ; ಬಿಸಿಲಿನಲ್ಲಿ ಎರಡೂ ಕುಗ್ಗುತ್ತವೆ. ಎರಡು ಮೂರು ತಿಂಗಳ ಮೇಲೆ ಹಂಬನ್ನು ಬಿಟ್ಟು ಎಲೆಯನ್ನಷ್ಟೇ ಚಿವುಟಬಹುದು. ಕಾಯಿತುರಿ, ಜೀರಿಗೆ, ಕಾಳುಮೆಣಸುಗಳೊಡನೆ ಅರೆದು ಮಜ್ಜಿಗೆಯಲ್ಲಿ ಕದಡಿದ ತಂಬುಳಿಯಲ್ಲಿ ಈ ಎಲೆಯು ಹಸಿಯಾಗಿಯೇ ಹೊಟ್ಟೆಗೆ ಹೋಗುವುದರಿಂದ, ಸಾಬೂನು ಬೆರೆತ ಬಚ್ಚಲ ನೀರನ್ನು ಪಾತಿಗೆ ಬಿಡುವುದು ಸರ್ವಥಾ ಸಲ್ಲದು. ಕೊಯ್ದ ಎಲೆಯನ್ನು ಮಣ್ಣುಳಿಯದಂತೆ ಹಲವು ಬಾರಿ ತೊಳೆಯಬೇಕು.

ಬೇಸಗೆಯಲ್ಲಿ ದಿನವೂ ನೀರುಣಿಸಿ ತರಗೆಲೆಯನ್ನು ಹೊದಿಸಿದರೂ ಎಲೆಗಳು ಕಂದುವುದುಂಟು. ಹಾಗೆಂದು ಪಾತಿಯನ್ನು ಅಗೆದುಬಿಡಬಾರದು; ಗಿಣ್ಣಿನಲ್ಲಿ ಹಸಿಯಾರದ ಹಂಬು ಮೊದಲ ಮಳೆಗೆ ಮರಳಿ ಚಿಗುರುತ್ತದೆ.