ಅಣ್ಣಿಗೇರಿಯಲ್ಲಿ ಗೆದ್ದ ಆಟ

ನನಗೆ ಚದುರಂಗ ಕಲಿಸಿದವರು ನವಲಗುಂದದ ನನ್ನ ಸೋದರಮಾವ. ಬೇಸಿಗೆ ರಜೆಯಲ್ಲಿ ಪಡಸಾಲೆಯಲ್ಲಿ ಪಟ ಹಾಸಿಕೊಂಡು ಕೂತರೆ ಊಟಕ್ಕೆ ಕರೆದರೂ ನಾವು ಏಳುತ್ತಿರಲಿಲ್ಲ. ಒಮ್ಮೆ ಅವರ ಆನೆಯನ್ನು ಹೊಡೆದ ಖುಷಿಗೆ ನಾನು ಎದ್ದು ಕುಣಿದೆ. ಮಾವ ತಲೆ ಎತ್ತಲಿಲ್ಲ. "ಆನಿ ಹೊಡದದ್ದು ಖರೆ ತಮ್ಮಾ. ಆಟ ಎಲ್ಲಿ ಮುಗೀತು?" ಅಂದರು. ಹತ್ತು ನಡೆಯೊಳಗೆ ಅವರ ಕುದುರೆ ನನ್ನ ರಾಜನಿಗೂ ಮಂತ್ರಿಗೂ ಒಟ್ಟಿಗೇ ಗುರಿಯಿಟ್ಟಿತು. ಒಂದು ಆನೆ ಹೆಚ್ಚಿಗೆ ಇಟ್ಟುಕೊಂಡೇ ನಾನು ಸೋತೆ.

ಮೇಲುಗೈ ಪಡೆಯುವುದು ಒಂದು ಕೆಲಸ, ಅದನ್ನು ಗೆಲುವಾಗಿಸುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಚುರುಕುತನ ಸಾಕು. ಎರಡನೆಯದಕ್ಕೆ ತಾಳ್ಮೆ ಬೇಕು: ಎದುರಾಳಿಗೆ ಮತ್ತೆ ತಲೆಯೆತ್ತುವ ದಾರಿ ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕಿ ಒಂದೊಂದನ್ನೇ ಮುಚ್ಚಬೇಕು, ಕಾಯಿಗೆ ಕಾಯಿ ಕೊಟ್ಟು ಆಟವನ್ನು ಸರಳಗೊಳಿಸಬೇಕು. ಮಾವ ಹೇಳಿದ ಈ ಪಾಠ ನನಗೆ ಸರಿಯಾಗಿ ಅರ್ಥವಾಗಿದ್ದು ಬಹಳ ವರ್ಷಗಳ ನಂತರ, ನವಲಗುಂದದ ನೆರೆಯ ಅಣ್ಣಿಗೇರಿಯ ಚರಿತ್ರೆ ಓದುವಾಗ.

ಅಣ್ಣಿಗೇರಿ ಎಂದರೆ ಹೆಚ್ಚಿನವರಿಗೆ ಪಂಪನ ತಾಯಿಯ ತವರು, ಹನ್ನೊಂದನೆಯ ಶತಮಾನದ ಅಮೃತೇಶ್ವರ ದೇವಾಲಯ, ಇಲ್ಲವೇ ಹುಬ್ಬಳ್ಳಿ–ಗದಗ ದಾರಿಯ ಒಂದು ರೈಲು ನಿಲ್ದಾಣ. ಬೆಳ್ವೊಲ ಮುನ್ನೂರು ಎಂಬ ಎರೆ ಸೀಮೆಯ ಈ ಊರು ಕಲ್ಯಾಣ ಚಾಲುಕ್ಯರ ಕೊನೆಯ ನೆಲೆವೀಡೂ ಆಗಿತ್ತು. ಇಲ್ಲಿಂದ ಆಳಿದವನು ನಾಲ್ಕನೆಯ ಸೋಮೇಶ್ವರ. ಅವನ ಅಜ್ಜ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದವನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆ, ಆನೆ, ಸಂಗೀತಗಳ ಜೊತೆಗೆ ರಾಜರು ಆಡುವ ಆಟಗಳೂ ಇವೆ, ಆ ಆಟಗಳಲ್ಲಿ ಚದುರಂಗವೂ ಇದೆ. ಅಜ್ಜ ಚದುರಂಗದ ಬಗ್ಗೆ ಬರೆದ. ಮೊಮ್ಮಗನ ಪಾಲಿಗೆ ಬಂದದ್ದು ಕೈಯಲ್ಲಿ ಅರ್ಧ ಕಾಯಿಯೂ ಉಳಿದಿರದ ಆಟ.

ಸೋಮೇಶ್ವರನ ತಂದೆ ಮೂರನೆಯ ತೈಲಪನ ಕಾಲದಲ್ಲಿ ಸಾಮಂತನಾಗಿದ್ದ ಕಳಚುರಿ ಬಿಜ್ಜಳ 1162ರ ಹೊತ್ತಿಗೆ ಸಿಂಹಾಸನವನ್ನೇ ತನ್ನದಾಗಿಸಿಕೊಂಡಿದ್ದ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು. ಅವನ ಮಕ್ಕಳು ಒಬ್ಬರಾದ ಮೇಲೊಬ್ಬರು ಪಟ್ಟಕ್ಕೆ ಬಂದರು, ಯಾರೂ ಬಹಳ ಕಾಲ ನಿಲ್ಲಲಿಲ್ಲ. ಸೋಮೇಶ್ವರ ಕಾದಿದ್ದ. ಬ್ರಹ್ಮ ಎಂಬ ದಂಡನಾಯಕ ಅವನ ಕಡೆ ನಿಂತು ಕಳಚುರಿಗಳನ್ನು ಮುರಿದ. 1184ರ ಸುಮಾರಿಗೆ ಕೊನೆಯ ಕಳಚುರಿ ಅರಸ ಸಿಂಘಣನ ಆಟವೂ ಮುಗಿದು, ಇಪ್ಪತ್ತು ವರ್ಷಗಳ ಹಿಂದೆ ಕಳೆದುಹೋಗಿದ್ದ ರಾಜ್ಯ ಮರಳಿ ಚಾಲುಕ್ಯರ ಕೈಗೆ ಬಂತು.

ಆಗ ಯಾರಾದರೂ ಪಟ ನೋಡಿದ್ದರೆ ಸೋಮೇಶ್ವರ ಗೆದ್ದ ಎಂದೇ ಹೇಳುತ್ತಿದ್ದರು. ಆದರೆ ಐದೇ ವರ್ಷಗಳಲ್ಲಿ, 1189ರ ಹೊತ್ತಿಗೆ, ಎಲ್ಲವೂ ಹೋಯಿತು. ಉತ್ತರದಿಂದ ದೇವಗಿರಿಯ ಸೇವುಣ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳ ಅವನ ನೆಲವನ್ನು ಕಿತ್ತುಕೊಂಡರು. ಸೋಮೇಶ್ವರ ಬನವಾಸಿಯ ಕಡೆ ಸರಿದ, ಚರಿತ್ರೆಯಿಂದಲೂ ಸರಿದುಹೋದ.

ಹೀಗೇಕಾಯಿತು? ನನಗೆ ಅನಿಸುವುದು ಇಷ್ಟು. ನಾವು ಆಡುವ ಚದುರಂಗದಲ್ಲಿ ಇಬ್ಬರೇ ಆಟಗಾರರು, ಒಬ್ಬನ ನಷ್ಟ ಇನ್ನೊಬ್ಬನ ಲಾಭ. ಹಿಂದೆ ನಮ್ಮ ದೇಶದಲ್ಲಿ ನಾಲ್ವರು ಕೂತು ದಾಳ ಹಾಕಿ ಆಡುವ ಚದುರಂಗವೂ ಇತ್ತು. 1030ರ ಸುಮಾರಿಗೆ ಅಲ್‌ಬಿರೂನಿ ಅದನ್ನು ವರ್ಣಿಸಿದ್ದಾನೆ. ನಾಲ್ವರ ಆಟದಲ್ಲಿ ಒಬ್ಬನನ್ನು ಸೋಲಿಸಲು ನೀನು ಕಾಯಿ ಕಳೆದುಕೊಂಡರೆ, ಅದರ ಲಾಭ ಸುಮ್ಮನೆ ಕೂತಿದ್ದ ಉಳಿದಿಬ್ಬರಿಗೆ. ಸೋಮೇಶ್ವರ ಇಬ್ಬರ ಆಟ ಗೆದ್ದ, ಆದರೆ ಅವನು ಕೂತಿದ್ದದ್ದು ನಾಲ್ವರ ಪಟದ ಮುಂದೆ. ಸೇವುಣರೂ ಹೊಯ್ಸಳರೂ ಹಿಂದೆ ಚಾಲುಕ್ಯರ ಸಾಮಂತರು. ಕಳಚುರಿಗಳ ಕಾಲದಲ್ಲಿ ಅವರು ತಮ್ಮ ಕಾಲ ಮೇಲೆ ತಾವು ನಿಲ್ಲುವುದನ್ನು ಕಲಿತಿದ್ದರು. ಸೋಮೇಶ್ವರನಿಗೆ ಸಿಂಹಾಸನ ಮರಳಿ ಬಂತು, ಅದಕ್ಕೆ ತಲೆಬಾಗುವ ರೂಢಿ ಮರಳಲಿಲ್ಲ.

ಗದಗದ ತ್ರಿಕೂಟೇಶ್ವರ ಗುಡಿಯಲ್ಲಿ ಬಲ್ಲಾಳನ 1192ರ ಶಾಸನವಿದೆ. ಅದು ಬ್ರಹ್ಮ ದಂಡನಾಯಕನ ಬಗ್ಗೆ ಎರಡು ಮಾತು ಹೇಳುತ್ತದೆ. ತಂದೆಗಾದ ಅವಮಾನಕ್ಕಾಗಿ ಕಳಚುರಿಗಳ ರಾಜ್ಯ ಕಸಿಯಲು ಹೊರಟ ಬ್ರಹ್ಮ, ದಂತವಿಲ್ಲದ ಒಂದೇ ಆನೆಯಿಂದ ದಂತವುಳ್ಳ ಅರವತ್ತು ಆನೆಗಳನ್ನು ಗೆದ್ದನಂತೆ. ಅಂಥ ಗಜಬಲದ ಬ್ರಹ್ಮನನ್ನು ಬಲ್ಲಾಳ ಬರೀ ಕುದುರೆಪಡೆಯಿಂದ ಸೋಲಿಸಿದನಂತೆ. ಇದು ಹೊಗಳಿಕೆಯ ಶಾಸನ. ಸೋತವನನ್ನು ದೊಡ್ಡವನನ್ನಾಗಿ ಮಾಡಿದರೆ ಗೆದ್ದವನು ಇನ್ನೂ ದೊಡ್ಡವನಾಗುತ್ತಾನೆ ಎಂಬುದು ಕವಿಗೆ ಗೊತ್ತು. ಅರವತ್ತು ಎಂಬ ಲೆಕ್ಕವನ್ನು ಹಾಗೇ ನಂಬಬೇಕಿಲ್ಲ. ಆದರೂ ಇದನ್ನು ಓದಿದಾಗೆಲ್ಲ ನನಗೆ ಮಾವನ ಕುದುರೆ ನೆನಪಾಗುತ್ತದೆ. ಗೆದ್ದ ಆನೆಗಳನ್ನು ಎಣಿಸುತ್ತ ಕೂತವನ ಮೇಲೆ ಕುದುರೆ ಬಂದು ಎರಗುವುದು ಹೀಗೆಯೇ.

ಅದೇ ಗುಡಿಯಲ್ಲಿ 1191ರ ಭಿಲ್ಲಮನ ಶಾಸನವೂ ಇದೆ. ಒಂದು ವರ್ಷ ಗದಗ ಅವನದು, ಮರುವರ್ಷ ಬಲ್ಲಾಳನದು. ನಡುವೆ ನಡೆದದ್ದು ಗದಗದ ಹತ್ತಿರದ ಸೊರಟೂರಿನ ಕಾಳಗ. ಅಲ್ಲಿ ಗೆದ್ದ ಮೇಲೆ ಬಲ್ಲಾಳ ದೂರದ ದ್ವಾರಸಮುದ್ರಕ್ಕೆ ಹೋಗಿ ಕೂರಲಿಲ್ಲ, ಗದಗದ ನೆರೆಯ ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ, ಬೀಡುಬಿಟ್ಟ. ಕಾಯಿ ಕಡಿಮೆಯಾದ ಮೇಲೆ ರಾಜ ಮೂಲೆಯಲ್ಲಿ ಅಡಗಬಾರದು, ನಡುಪಟಕ್ಕೆ ಬಂದು ತಾನೇ ದುಡಿಯಬೇಕು ಎಂಬ ಪಾಠ ಅವನಿಗೆ ಗೊತ್ತಿದ್ದಂತಿದೆ. ಅವನಿಗೂ ಗೆಲುವು ಶಾಶ್ವತವಾಗಲಿಲ್ಲ. ಭಿಲ್ಲಮನ ಮೊಮ್ಮಗ ಸಿಂಘಣನ ಕಾಲಕ್ಕೆ ಈ ಸೀಮೆ ಮತ್ತೆ ಸೇವುಣರ ಪಾಲಾಯಿತು.

ಸೋಮೇಶ್ವರನನ್ನು ದಡ್ಡ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಇಪ್ಪತ್ತು ವರ್ಷ ಕಾದು ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಸಣ್ಣ ಮಾತಲ್ಲ. ಆದರೆ ಮರಳಿ ಪಡೆದ ದಿನವೇ ಆಟ ಮುಗಿಯಿತು ಎಂದು ನಾವೂ ಎಷ್ಟು ಸಲ ಅಂದುಕೊಂಡಿಲ್ಲ? ಕೋರ್ಟಿನಲ್ಲಿ ಹೊಲ ಗೆದ್ದವರು, ಚುನಾವಣೆ ಗೆದ್ದವರು, ಮಳೆ ಚೆನ್ನಾಗಿ ಆಯಿತೆಂದು ಸಾಲ ತಂದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ.

ಹೋದ ಸಲ ಅಮೃತೇಶ್ವರ ಗುಡಿಯ ಕಂಬಗಳ ನೆರಳಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಸೋಮೇಶ್ವರನ ಕಾಲಕ್ಕೇ ಈ ಗುಡಿಗೆ ನೂರು ವರ್ಷ ದಾಟಿತ್ತು. ಕಳಚುರಿಗಳು ಸೋತ ಸುದ್ದಿ ಬಂದ ದಿನ ಇಲ್ಲಿ ಗಂಟೆ ಜೋರಾಗಿಯೇ ಬಾರಿಸಿರಬೇಕು. ಮಾವ ಅಲ್ಲಿದ್ದಿದ್ದರೆ ತಲೆ ಎತ್ತದೆ ಅದೇ ಪ್ರಶ್ನೆ ಕೇಳುತ್ತಿದ್ದರು.