ದೊಡ್ಡ ಬ್ಯಾಟ್ರಿಗೆ ರೇಟು, ಸಣ್ಣ ಶೆಲ್ಲಿಗೆ ತಿಪ್ಪೆ

ನಮ್ಮ ಔರಾದ ಕಡೆ ಬ್ಯಾಟ್ರಿ ಅಂದರೆ ಟಾರ್ಚು. ಅದರೊಳಗೆ ಹಾಕುವುದು ಶೆಲ್ಲು. ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುತ್ತಿದ್ದ ಎಕಂಬಾದ ಹಿರಿಯರನ್ನು ಕೇಳಿ ನೋಡಿ, ಮೂರು ಶೆಲ್ಲಿನ ಬ್ಯಾಟ್ರಿ ಇದ್ದವನ ಗತ್ತು ಹೇಗಿತ್ತು ಅಂತ ಹೇಳುತ್ತಾರೆ.

ರೇಡಿಯೋ ನಡೆದದ್ದೂ ಅದರಿಂದಲೇ. 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾದಾಗ ಎಷ್ಟೋ ಹಳ್ಳಿಗಳಿಗೆ ಕರೆಂಟೇ ಇರಲಿಲ್ಲ. ಟ್ರಾನ್ಸಿಸ್ಟರ್ ಇತ್ತು, ಶೆಲ್ಲಿತ್ತು, ಅಷ್ಟೇ. ಅಂಗಡಿಯಲ್ಲಿ ಸಿಗುತ್ತಿದ್ದದ್ದು ಎವರೆಡಿ, ಆಮೇಲೆ ನಿಪ್ಪೋ. ಎವರೆಡಿ ಮಾಡುತ್ತಿದ್ದದ್ದು ಯೂನಿಯನ್ ಕಾರ್ಬೈಡ್ ಇಂಡಿಯಾ. 1984ರಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದ್ದು ಇದೇ ಕಂಪನಿಯ ಇನ್ನೊಂದು ಕಾರ್ಖಾನೆಯಿಂದ.

ಶೆಲ್ಲು ಸೋತರೆ ಬಿಸಿಲಿಗಿಟ್ಟು ಇನ್ನೆರಡು ದಿನ ನಡೆಸುತ್ತಿದ್ದರು. ಪೂರ್ತಿ ಸತ್ತ ಮೇಲೆ ಅದು ನಮ್ಮಂಥ ಹುಡುಗರ ಪಾಲು. ಕಲ್ಲಿನಿಂದ ಒಡೆದು, ಒಳಗಿನ ಕರಿ ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಬೋರ್ಡಿಗೆ ಬಳಿಯುತ್ತಿದ್ದೆವು. ಆ ಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ಬಳಿದ ಮೇಲೆ ಕೈ ತೊಳೆದ ನೆನಪು ನನಗಿಲ್ಲ.

ಶೆಲ್ಲಿನ ಹೊರಗಿನ ಡಬ್ಬಿ ಸತುವಿನದು. ಹಳೆ ಕಾಲದ ಶೆಲ್ಲಿನಲ್ಲಿ ಅದರ ಜೊತೆ ನವಸಾಗರ ಇರುತ್ತಿತ್ತು. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಕಂಡುಹಿಡಿದ ಹದ ಇದು, 20 ವರ್ಷದ ನಂತರ ಜರ್ಮನಿಯ ಗಾಸ್ನರ್ ಅದನ್ನು ಒಣ ಶೆಲ್ಲು ಮಾಡಿದ. ಬೀದರಿನವರಿಗೆ ಈ ಎರಡು ಹೆಸರು ಕೇಳಿದ ತಕ್ಷಣ ಬೇರೇನೋ ನೆನಪಾಗಬೇಕು. ನಮ್ಮ ಬಿದ್ರಿ ಕಲೆಯ ಮೂಲವೂ ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. 2006ರಲ್ಲಿ ಜಿಐ ಗುರುತು ಸಿಕ್ಕಿದ್ದು ಈ ಕೆಲಸಕ್ಕೆ. ಅದೇ ಸತುವನ್ನು ನಾವು ತಿಪ್ಪೆಗೆ ಎಸೆಯುತ್ತೇವೆ, ತಿಪ್ಪೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಹಳೆ ಶೆಲ್ಲುಗಳಲ್ಲಿ ಸತುವಿನ ಜೊತೆ ಸೀಸ, ಕ್ಯಾಡ್ಮಿಯಂ, ಪಾದರಸವೂ ಅಷ್ಟಿಷ್ಟು ಇರುತ್ತಿತ್ತು.

ಟ್ರ್ಯಾಕ್ಟರ್, ಇನ್ವರ್ಟರ್ ಬ್ಯಾಟ್ರಿಯನ್ನು ಮಾತ್ರ ಯಾರೂ ಎಸೆಯುವುದಿಲ್ಲ. ಒಳಗೆ ಸೀಸ ಇದೆ, ಸೀಸಕ್ಕೆ ರೇಟು ಇದೆ. ಭಂಗಾರದವನಿಗೆ ಅದು ಬಂಗಾರವೇ. ಹಳೆಯದನ್ನು ಡೀಲರ್ ವಾಪಸ್ ಪಡೆಯಬೇಕು ಅಂತ 2001ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿತು. ಆದರೆ ನೂರಿನ್ನೂರು ಹೆಚ್ಚು ಸಿಗುತ್ತದೆ ಅಂತ ಯಾರಿಗೋ ಕೊಟ್ಟರೆ, ಅವನು ಅದನ್ನು ಬಯಲಲ್ಲಿ ಒಡೆದು, ಆಸಿಡ್ ಮಣ್ಣಿಗೆ ಚೆಲ್ಲಿ, ಸೀಸ ಕರಗಿಸುತ್ತಾನೆ. ಆಫ್ರಿಕಾದ ಸೆನೆಗಲ್ ದೇಶದ ಡಾಕರ್ ನಗರದ ಅಂಚಿನಲ್ಲಿ ಹೀಗೇ ಬ್ಯಾಟ್ರಿ ಒಡೆದ ಜಾಗದ ಮಣ್ಣನ್ನು ಜನ ಸೀಸಕ್ಕಾಗಿ ಜರಡಿ ಹಿಡಿದರು, ಮನೆಗೂ ಹೊತ್ತೊಯ್ದರು. 2007ರ ಕೊನೆಯಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ಸೀಸಕ್ಕೆ ವಾಸನೆಯಿಲ್ಲ. ಮಗು ಮಂಕಾಗುತ್ತದೆ, ಓದಿನಲ್ಲಿ ಹಿಂದೆ ಬೀಳುತ್ತದೆ, ನಾವು ಮಗುವನ್ನೇ ಬೈಯುತ್ತೇವೆ.

ಸಣ್ಣ ಶೆಲ್ಲನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು 2022ರ ಹೊಸ ನಿಯಮ. ರಿಮೋಟಿನದು, ಆಟಿಕೆಯದು, ಮೊಬೈಲಿನದು, ಎಲ್ಲವನ್ನೂ ತಯಾರಿಸಿದ ಕಂಪನಿಯೇ ವಾಪಸ್ ತರಿಸಬೇಕು. ಹೂಳುವಂತಿಲ್ಲ, ಸುಡುವಂತಿಲ್ಲ. ನಮ್ಮ ಪಾಲಿನ ಕೆಲಸವೂ ಅದರಲ್ಲಿದೆ: ಬೇರೆ ಕಸದ ಜೊತೆ ಬೆರೆಸದೆ ಇಟ್ಟು ಕೊಡುವುದು. ಒಣಗಿದ ಪ್ಲಾಸ್ಟಿಕ್ ಡಬ್ಬಿ ಸಾಕು. ಮೊಬೈಲ್ ಬ್ಯಾಟ್ರಿಯ ತುದಿಗೆ ಟೇಪು ಸುತ್ತಿ. ಉಬ್ಬಿದ್ದರೆ ಚುಚ್ಚಬೇಡಿ, ರಿಪೇರಿ ಅಂಗಡಿಗೆ ಕೊಡಿ. ಒಲೆಗಂತೂ ಯಾವುದನ್ನೂ ಹಾಕಬೇಡಿ.

ನಮ್ಮ ಮನೆಯಲ್ಲಿ ಟಿ.ವಿ. ಹಿಂದೆ ಅಂಥದೊಂದು ಡಬ್ಬಿ ಇದೆ, ಮುಕ್ಕಾಲು ತುಂಬಿದೆ. ಕಸದ ಗಾಡಿ ಬಂದಾಗ ತೋರಿಸಿದೆ. ಗಾಡಿಯ ಅಕ್ಕ ಡಬ್ಬಿ ಅಲ್ಲಾಡಿಸಿ ನೋಡಿ, "ತಗೋತೀನಿ ಅಣ್ಣಾ, ಆದ್ರ ಮುಂದ ಎಲ್ಲಿ ಕೊಡಬೇಕಂತ ನಮಗೂ ಯಾರೂ ಹೇಳಿಲ್ಲ" ಅಂದಳು. ಮುಂದಿನ ಗ್ರಾಮಸಭೆಯಲ್ಲಿ ಅದನ್ನೇ ಕೇಳುವವನಿದ್ದೇನೆ, ಡಬ್ಬಿ ಸಮೇತ.